ಮೋಟಾರು ಸೈಕಲ್ಲಿನ ಕಾಲನಿರ್ಣಯ

ಕಲ್ಲೋಳಿಯ ಹೆಸರು ಕಿವಿಗೆ ಬಿದ್ದೊಡನೆ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಜನಕ್ಕೆ ಮೊದಲು ಸ್ಮರಣೆಗೆ ಬರುವವನು ಅಲ್ಲಿಯ ಹನುಮಂತದೇವರು. ಅದು ಸಹಜವೂ ಉಚಿತವೂ ಆಗಿರುವುದು. ಆದರೆ ಅದೇ ಊರಿಗೆ ಸಂಬಂಧಿಸಿದಂತೆ ರಟ್ಟರೆಂಬ ಅರಸರ ಕಾಲದ ಶಿಲಾಶಾಸನವೊಂದಿರುವುದನ್ನೂ, ಮುಂಬಯಿ ಪ್ರಾಂತದಲ್ಲಿ ಅಧಿಕಾರಿಯಾಗಿದ್ದ ಫ್ಲೀಟ್ ಎಂಬ ವಿದ್ವಾಂಸನು ಕಳೆದ ಶತಮಾನದ ಹಿಂದಿನ ಶತಮಾನದಲ್ಲಿಯೇ ಅದನ್ನು ಓದಿ ಪ್ರಕಟಿಸಿದುದನ್ನೂ ಬಲ್ಲವರ ಸಂಖ್ಯೆ ಅಷ್ಟು ದೊಡ್ಡದಲ್ಲ. ಆ ಶಾಸನದಲ್ಲಿ ಊರಿನ ಹೆಸರು ಕಲ್ಪೊಳೆ; ನಾಡು ಕೂಂಡಿ ಮೂರುಸಾವಿರ; ವೇಣುಗ್ರಾಮದಿಂದ, ಎಂದರೆ ಇಂದಿನ ಬೆಳಗಾವಿಯಿಂದ, ತಮ್ಮನಾದ ಮಲ್ಲಿಕಾರ್ಜುನನೊಡನೆ ರಾಜ್ಯವಾಳುತ್ತಿದ್ದ ನಾಲ್ಕನೆಯ ಕಾರ್ತವೀರ್ಯನು ಇಲ್ಲಿಯ ಶಾಂತಿನಾಥ ಬಸದಿಗೆ ಬಿಟ್ಟ ದತ್ತಿಯೇ ಅದರ ವಿಷಯ. ಕಾಲವನ್ನು ಶಕವರ್ಷ 1127, ರಕ್ತಾಕ್ಷಿ ಸಂವತ್ಸರ, ಪುಷ್ಯಮಾಸ ಎಂದು ಹೇಳಿದೆ. ಈಗ ನಾವು ರೂಢಿಯಂತೆ ಶಕಕ್ಕೆ 78ನ್ನು ಕೂಡಿಸಿದೆವೆಂದರೆ 1205ನೆಯ ಇಸವಿ ಬರುವುದು. ಆದರೆ ಸಂವತ್ಸರದ ಲೆಕ್ಕವನ್ನು ಹಿಡಿದು ಹಿಂದಕ್ಕೆ ಹೋದರೆ ರಕ್ತಾಕ್ಷಿಯು 1204ರ ಯುಗಾದಿಗೇ ಆರಂಭವಾಗಿರುವುದು ಕಾಣುವುದು. ಹಾಗಾದರೆ ಕಲ್ಲು ಸುಳ್ಳಾಡಿತೆ? ಇಲ್ಲ. ಬರೆಸಿದವನು ನಡೆಯುತ್ತಿರುವ ವರ್ಷವನ್ನು, ಎಂದರೆ ವರ್ತಮಾನ ಶಕವನ್ನು ಎಣಿಸಿದನು. ನಾವು ಮುಗಿದುಹೋದ ವರ್ಷವನ್ನು, ಎಂದರೆ ಗತಶಕವನ್ನು ಎಣಿಸುತ್ತೇವೆ. ಇಬ್ಬರ ಲೆಕ್ಕವೂ ಸರಿಯೇ; ಯಾವ ಲೆಕ್ಕವೆಂಬುದನ್ನು ಅರಿಯದೆ ಇಸವಿಯನ್ನು ಹೇಳಹೊರಟವನ ಮಾತು ಮಾತ್ರ ತಪ್ಪು.

ಮೋಟಾರು ಸೈಕಲ್ಲಿನ ವಿಷಯವಾಗಿ ಮಾತನಾಡಲು ಬಂದವನು ರಟ್ಟರ ಶಾಸನವನ್ನು ಹಿಡಿದು ಕುಳಿತನಲ್ಲಾ ಎಂದು ಶ್ರೋತೃಗಳು ಹುಬ್ಬೇರಿಸಬಾರದು. ಇಂಗ್ಲೆಂಡಿನಲ್ಲಿ ನಿರ್ಮಿತವಾಗಿ, ಯಾವುದೋ ಹಡಗಿನಲ್ಲಿ ಮುಂಬಯಿಗೆ ಬಂದು, ಕೈಯಿಂದ ಕೈಗೆ ದಾಟುತ್ತ ನಮ್ಮ ಹಳ್ಳಿಗಳ ಕೊಟ್ಟಿಗೆಗಳಲ್ಲಿ ಇಂದಿಗೂ ಉಳಿದಿರುವ ಹಳೆಯ ಫಟಫಟಿಗಳ ಇಸವಿಯನ್ನು ನಿರ್ಣಯಿಸುವ ಕಾರ್ಯವು ಶಾಸನದ ಕಾಲವನ್ನು ನಿರ್ಣಯಿಸುವ ಕಾರ್ಯದಿಂದ ಜಾತಿಯಲ್ಲಿ ಬೇರೆಯಾದುದಲ್ಲ. ಅಲ್ಲಿರುವಂತೆ ಇಲ್ಲಿಯೂ ಕೊರೆದ ಅಕ್ಷರಗಳಿವೆ, ಸವೆದ ಅಕ್ಷರಗಳಿವೆ, ಆಮೇಲೆ ಯಾರೋ ಸೇರಿಸಿದ ಕೂಟಾಕ್ಷರಗಳೂ ಇವೆ. ಅಲ್ಲಿರುವಂತೆ ಇಲ್ಲಿಯೂ ಒಂದಕ್ಕಿಂತ ಹೆಚ್ಚಿನ ವರ್ಷಗಣನೆಗಳಿವೆ.

ಮೊದಲು ಈ ವರ್ಷಗಣನೆಯ ಮಾತನ್ನೇ ಬಗೆಹರಿಸಿಕೊಳ್ಳೋಣ. ‘ಇದು ಯಾವ ಮಾಡೆಲ್?’ ಎಂದು ಕೇಳುವವನು ಒಂದೇ ಪ್ರಶ್ನೆಯನ್ನು ಕೇಳಿದೆನೆಂದು ಭಾವಿಸಿರುತ್ತಾನೆ. ವಾಸ್ತವವಾಗಿ ಅದರಲ್ಲಿ ಮೂರು ಪ್ರಶ್ನೆಗಳು ಅಡಗಿರುತ್ತವೆ. ಗಾಡಿಯು ಕಾರ್ಖಾನೆಯಿಂದ ಹೊರಬಿದ್ದ ವರ್ಷ ಒಂದು. ಕಾರ್ಖಾನೆಯವರು ಅದನ್ನು ಯಾವ ವರ್ಷದ ಮಾದರಿಯೆಂದು ಹೆಸರಿಸಿ ಮಾರಿದರೋ ಆ ವರ್ಷ ಇನ್ನೊಂದು. ಸರಕಾರದ ದಫ್ತರಿನಲ್ಲಿ ಮೊದಲ ಬಾರಿಗೆ ನೋಂದಣಿಯಾದ ವರ್ಷ ಮತ್ತೊಂದು. ಇಂಗ್ಲೆಂಡಿನಲ್ಲಿ ಮೋಟಾರು ಸೈಕಲ್ಲುಗಳ ದೊಡ್ಡ ಪ್ರದರ್ಶನವು, ಮೊದಲು ಲಂಡನ್ನಿನ ಒಲಿಂಪಿಯಾದಲ್ಲಿಯೂ ಆಮೇಲೆ ಅರ್ಲ್ಸ್ ಕೋರ್ಟಿನಲ್ಲಿಯೂ, ನಮ್ಮ ದೀಪಾವಳಿಯ ಆಸುಪಾಸಿನಲ್ಲಿ ನಡೆಯುತ್ತಿದ್ದುದರಿಂದ, ಮುಂದಿನ ವರ್ಷದ ಮಾದರಿಯನ್ನು ಹಿಂದಿನ ವರ್ಷದ ಆಗಸ್ಟ್ ಸೆಪ್ಟೆಂಬರಿನಲ್ಲಿಯೇ ಕಟ್ಟಲು ಆರಂಭಿಸುವುದು ಅಲ್ಲಿಯ ಪದ್ಧತಿಯಾಗಿತ್ತು. ಟ್ರಯಂಫ್ ಮತ್ತು ಬಿ.ಎಸ್.ಎ. ಕಾರ್ಖಾನೆಗಳು 1969ರ ಮಾದರಿಯಿಂದ ಇಂಜಿನ್ ಸಂಖ್ಯೆಯ ಮುಂದೆ ಎರಡು ಅಕ್ಷರಗಳನ್ನು ಒತ್ತತೊಡಗಿದವು. ಮೊದಲನೆಯದು ತಿಂಗಳು, ಎರಡನೆಯದು ಮಾದರಿಯ ವರ್ಷ. ‘ಪಿ’ ಎಂದರೆ ನವೆಂಬರ್, ‘ಡಿ’ ಎಂದರೆ 1970, ಆದುದರಿಂದ ‘ಪಿ.ಡಿ.’ ಎಂಬ ಅಕ್ಷರಗಳುಳ್ಳ ಗಾಡಿಯನ್ನು 1970ರ ನವೆಂಬರಿನದೆಂದು ಓದುವುದು ಅತ್ಯಂತ ಸುಲಭ, ಮತ್ತು ಅತ್ಯಂತ ತಪ್ಪು. ಅದು ಕಟ್ಟಲ್ಪಟ್ಟದ್ದು 1969ರ ನವೆಂಬರಿನಲ್ಲಿ. ಕಲ್ಪೊಳೆಯ ಲಿಪಿಕಾರನೂ ಬರ್ಮಿಂಗ್‍ಹ್ಯಾಮಿನ ಕಮ್ಮಾರನೂ ಇಲ್ಲಿ ಒಂದೇ ರೀತಿಯ ಸಮಸ್ಯೆಯನ್ನು ನಮಗೆ ಒಡ್ಡಿರುವರು.

ಮೂರನೆಯ ವರ್ಷವಾದ ನೋಂದಣಿಯ ವರ್ಷಕ್ಕೆ ಈಚೆಗೆ ವಿಶೇಷ ಬೆಲೆ ಬಂದಿದೆ. 2021ರ ಜುಲೈ ತಿಂಗಳಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಮಾಡಿದ ತಿದ್ದುಪಡಿಯಂತೆ, ಮೊದಲ ಮಾರಾಟವಾದ ಮೇಲೆ ನೋಂದಣಿಯಾದ ದಿನದಿಂದ 50 ವರ್ಷ ಮೀರಿದ, ಮೂಲರೂಪವನ್ನು ಕೆಡಿಸದೆ ಕಾಪಾಡಿಕೊಂಡು ಬಂದ ದ್ವಿಚಕ್ರ ಮತ್ತು ಚತುಶ್ಚಕ್ರ ವಾಹನಗಳನ್ನು ವಿಂಟೇಜ್ ಎಂದು ಪರಿಗಣಿಸಿ, ‘ವಿ.ಎ.’ ಎಂಬ ಅಕ್ಷರಗಳುಳ್ಳ ಪ್ರತ್ಯೇಕ ನಂಬರನ್ನು ಕೊಡುವರು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಇಂಗ್ಲೆಂಡಿನ ವಿಂಟೇಜ್ ಮೋಟಾರ್ ಸೈಕಲ್ ಕ್ಲಬ್ಬಿನವರಾದರೋ 1915ರಿಂದ 1930ರ ಕೊನೆಯವರೆಗಿನ ಗಾಡಿಗಳಿಗೆ ಮಾತ್ರವೇ ಆ ಹೆಸರನ್ನು ಕೊಡುವರು. ಆದಕಾರಣ ನಮ್ಮಲ್ಲಿ ಕಾನೂನಿನ ಪ್ರಕಾರ ವಿಂಟೇಜ್ ಆದ ಗಾಡಿಯು ಅವರ ದೃಷ್ಟಿಯಲ್ಲಿ ಇನ್ನೂ ಎಳೆಯದು. ಇದರಿಂದ ಮನಸ್ಸನ್ನು ನೋಯಿಸಿಕೊಳ್ಳಬೇಕಾದುದಿಲ್ಲ.

ಕಲ್ಲೋಳಿಯ ಒಕ್ಕಲುತನದ ಮನೆಯೊಂದರಲ್ಲಿ, ಕಣಕಿಯ ಬಣವೆಯ ಪಕ್ಕದ ತಗಡಿನ ಚಪ್ಪರದ ಕೆಳಗೆ, ಕಬ್ಬಿನ ರವದಿಯನ್ನು ಹೊದ್ದು ನಿಂತಿದ್ದ ಬಿ.ಎಸ್.ಎ. ಗಾಡಿಯೊಂದನ್ನು ನೋಡುವ ಪ್ರಸಂಗವು ನನಗೆ ಒದಗಿಬಂದಿತು. ಮನೆಯ ಯಜಮಾನರು ರವದಿಯನ್ನು ಸರಿಸುತ್ತ, “ನಮ್ಮ ಮುತ್ಯಾ ಬೆಳಗಾವ್ಯಾಗ ಮಿಲ್ಟ್ರಿ ಲಿಲಾವಿನ್ಯಾಗ ತಗೊಂಡಿದ್ದರಿ. ಮೂವತ್ತೊಂಬತ್ತರ ಮಾಡೆಲ್ ಅಂತ ಊರಿಗೆಲ್ಲಾ ಗೊತ್ತೈತರಿ,” ಎಂದರು. ಅವರ ಮಗನು ಒಳಗಿನಿಂದ ತಂದ ಆರ್.ಸಿ. ಬುಕ್ಕಿನಲ್ಲಿ ಇದ್ದುದು 1948. ಮಗನ ಪಕ್ಷವು ಕಾಗದದ ಪಕ್ಷ, ತಂದೆಯ ಪಕ್ಷವು ಪರಂಪರೆಯ ಪಕ್ಷ. ಇಬ್ಬರ ನಡುವೆ ಒಂಬತ್ತು ವರ್ಷಗಳ ಅಂತರ. ಇಂತಹ ವಿವಾದದಲ್ಲಿ ನಡುವೆ ನಿಂತವನು ಗಾಡಿಯನ್ನೇ ಸಾಕ್ಷಿಗೆ ಕರೆಯಬೇಕು.

ಗಾಡಿ ಯಾವುದೆಂಬುದರಲ್ಲಿ ಸಂದೇಹವಿರಲಿಲ್ಲ. ಒಂದೇ ಸಿಲಿಂಡರು, ವಾಲ್ವುಗಳು ಪಕ್ಕದಲ್ಲಿರುವ ಹಳೆಯ ರೀತಿಯ ಇಂಜಿನ್ನು, 82 ಮಿಲಿಮೀಟರ್ ಅಗಲ ಮತ್ತು 94 ಮಿಲಿಮೀಟರ್ ಓಟ ಕೂಡಿ 496 ಸಿ.ಸಿ., ಸುಮಾರು 13 ಅಶ್ವಶಕ್ತಿ. ಮುಂದೆ ಗರ್ಡರ್ ಫೋರ್ಕು, ಹಿಂದೆ ಶಾಕಪ್ಪೇ ಇಲ್ಲದ ಗಟ್ಟಿ ಚೌಕಟ್ಟು. ಇದು ಎಂ.20. ಬರ್ಮಿಂಗ್‍ಹ್ಯಾಮ್ ಸ್ಮಾಲ್ ಆರ್ಮ್ಸ್ ಕಂಪನಿಯು, ತನ್ನ ಹೆಸರೇ ಹೇಳುವಂತೆ, 1861ರಲ್ಲಿ ಬಂದೂಕು ಮಾಡುವ ಉದ್ಯೋಗದಿಂದ ಆರಂಭವಾದುದು. ಒಂದಕ್ಕೊಂದು ಆನಿಸಿ ನಿಲ್ಲಿಸಿದ ಮೂರು ಬಂದೂಕುಗಳೇ ಅದರ ಲಾಂಛನ. ಆ ಕಂಪನಿಯು ಎಂ.20ನ್ನು 1937ರ ಮಾದರಿಯಾಗಿ ಹೊರತಂದಿತು, 1955ರಲ್ಲಿ ನಿಲ್ಲಿಸಿತು. ಎರಡನೆಯ ಮಹಾಯುದ್ಧದ ಆರು ವರ್ಷಗಳಲ್ಲಿ ಸೈನ್ಯಕ್ಕೆಂದು ಕಟ್ಟಿದವುಗಳೇ ಸುಮಾರು 1,26,000. ಯುದ್ಧ ಮುಗಿದ ಮೇಲೆ ಹೆಚ್ಚುವರಿ ಸಾಮಗ್ರಿಯೆಂದು ಸೈನ್ಯವು ಲಿಲಾವು ಮಾಡಿದ ವಾಹನಗಳಲ್ಲಿ ಇವೂ ಸೇರಿ ನಮ್ಮ ದೇಶದ ಮೂಲೆಮೂಲೆಗೂ ಹಂಚಿಹೋದವು.

ಸಿಲಿಂಡರಿನ ಬುಡದ ಕೆಳಗೆ ಎಡಬದಿಯಲ್ಲಿ ಇಂಜಿನ್ ಸಂಖ್ಯೆಯಿರುವುದು. ಅಲ್ಲಿ ಎಂಟು ದಶಕಗಳ ಎಣ್ಣೆಯೂ ಧೂಳೂ ಕೂಡಿ ಹೆಪ್ಪುಗಟ್ಟಿತ್ತು. ಉಕ್ಕಿನ ಬ್ರಶ್ಶನ್ನು ಕೈಗೆತ್ತಿಕೊಂಡ ಹುಡುಗನನ್ನು ತಡೆದು, ಸೀಮೆಎಣ್ಣೆಯಲ್ಲಿ ಅದ್ದಿದ ಅರಿವೆಯಿಂದ ಮೆಲ್ಲಮೆಲ್ಲನೆ ಒರೆಸಿ, ಮೇಲೆ ತೆಳುವಾದ ಕಾಗದವನ್ನಿಟ್ಟು ಸೀಸದ ಕಡ್ಡಿಯನ್ನು ಅಡ್ಡಲಾಗಿ ಉಜ್ಜಿದಾಗ, ಶಾಸನದ ಪಡಿಯಚ್ಚಿನಲ್ಲಿ ಮೂಡುವಂತೆ, ಅಕ್ಷರಗಳು ಬಿಳಿಯಾಗಿ ಎದ್ದುವು: ಡಬ್ಲ್ಯೂ, ಎಂ, 20, ಆಮೇಲೆ ಅಂಕೆಗಳು.

ಈ ‘ಡಬ್ಲ್ಯೂ’ ಎಂಬ ಒಂದಕ್ಷರವು ಅರ್ಧ ವಿವಾದವನ್ನು ಮುಗಿಸಿತು. ಯುದ್ಧಪೂರ್ವದಲ್ಲಿ ಬಿ.ಎಸ್.ಎ. ಕಾರ್ಖಾನೆಯು ಪ್ರತಿವರ್ಷದ ಮಾದರಿಗೂ ಒಂದೊಂದು ಮುನ್ನಕ್ಷರವನ್ನು ಕೊಡುತ್ತಿತ್ತು: 1937ಕ್ಕೆ ‘ಎಚ್’, 1938ಕ್ಕೆ ‘ಜೆ’, 1939ಕ್ಕೆ ‘ಕೆ’. 1940ಕ್ಕೆ ಬಂದ ‘ಡಬ್ಲ್ಯೂ’ ಮಾತ್ರ, ವರ್ಷವರ್ಷಕ್ಕೆ ಮಾದರಿ ಬದಲಿಸುವ ಪುರುಸೊತ್ತು ಯುದ್ಧಕಾಲದಲ್ಲಿ ಇಲ್ಲವಾದುದರಿಂದ, 1945ರವರೆಗೂ ಹಾಗೆಯೇ ಉಳಿಯಿತು. ಶಾಂತಿ ಬಂದ ಮೇಲೆ 1946ರಲ್ಲಿ ‘ಎಕ್ಸ್’ ಆರಂಭವಾಯಿತು. ಆದುದರಿಂದ ಈ ಇಂಜಿನ್ನು ತಂದೆಯ 1939ರದಲ್ಲ, ಮಗನ 1948ರದೂ ಅಲ್ಲ. ಆರ್.ಸಿ. ಬುಕ್ಕಿನ ಇಸವಿಯು ಕಾಗದ ಹುಟ್ಟಿದ ವರ್ಷವೇ ಹೊರತು ಕಬ್ಬಿಣ ಹುಟ್ಟಿದ ವರ್ಷವಲ್ಲ. ಸೈನ್ಯದಲ್ಲಿದ್ದಷ್ಟು ದಿನ ಆ ಗಾಡಿಗೆ ನಾಗರಿಕ ನೋಂದಣಿಯ ಆವಶ್ಯಕತೆಯೇ ಇರಲಿಲ್ಲ. ಆದರೆ ಆ ಪುಸ್ತಕವು ನಿರುಪಯೋಗಿಯೆಂದು ಯಾರೂ ತಿಳಿಯಬಾರದು. ಮೇಲೆ ಹೇಳಿದ 50 ವರ್ಷಗಳ ಲೆಕ್ಕವು ನಡೆಯುವುದು ಅದರ ಮೇಲೆಯೇ.

ಇಲ್ಲಿ ಚೌಕಟ್ಟಿನ ಸಂಖ್ಯೆಯನ್ನು ಓದಿದ ಹುಡುಗನ ಮುಖವು ಬಾಡಿತು. ಏಕೆಂದರೆ ಅದು ಇಂಜಿನ್ನಿನ ಸಂಖ್ಯೆಯೊಡನೆ ತಾಳೆಯಾಗಲಿಲ್ಲ. ಇಂಜಿನ್ ನಂಬರೂ ಚಾಸಿ ನಂಬರೂ ಒಂದೇ ಆಗಿರಬೇಕು, ಇಲ್ಲವಾದರೆ ಯಾರೋ ಇಂಜಿನ್ನನ್ನು ಬದಲಿಸಿದ್ದಾರೆ ಎಂಬ ನಂಬಿಕೆಯು ಪೇಟೆಯಲ್ಲಿ ಬಲವಾಗಿ ಬೇರೂರಿದೆ, ಮತ್ತು ಅದನ್ನು ಹೇಳಿಯೇ ವ್ಯಾಪಾರಿಗಳು ಒಳ್ಳೆಯ ಗಾಡಿಗಳ ಬೆಲೆಯನ್ನು ಇಳಿಸುತ್ತಾರೆ. ಟ್ರಯಂಫ್ ಗಾಡಿಗಳಲ್ಲಿ, 1950ರ ದಶಕದಿಂದ ಈಚಿನವುಗಳಲ್ಲಿ, ಈ ನಿಯಮವು ಸರಿ. ಆ ಕಾಲದ ಬಿ.ಎಸ್.ಎ.ಯಲ್ಲಿ ಅಲ್ಲ. ಅಲ್ಲಿ ಇಂಜಿನ್ನುಗಳಿಗೆ ಒಂದು ಸಂಖ್ಯಾಕ್ರಮ, ಚೌಕಟ್ಟುಗಳಿಗೆ ಇನ್ನೊಂದು. ಯಾವ ಇಂಜಿನ್ನು ಯಾವ ಚೌಕಟ್ಟಿಗೆ ಸೇರಿತೆಂಬುದು ಕಾರ್ಖಾನೆಯ ರವಾನೆ ಪುಸ್ತಕದಲ್ಲಿ ಮಾತ್ರ ಬರೆದಿರುತ್ತಿತ್ತು. ನಿಜ ಹೇಳಬೇಕೆಂದರೆ, ಯುದ್ಧಕಾಲದ ಎಂ.20ರಲ್ಲಿ ಎರಡು ಸಂಖ್ಯೆಗಳೂ ಅಂಕೆಗೆ ಅಂಕೆ ಒಂದೇ ಆಗಿದ್ದರೆ ಆಗಲೇ ನಾನು ಅನುಮಾನಿಸುವೆನು.

1940ಕ್ಕೂ 1945ಕ್ಕೂ ನಡುವೆ ಇನ್ನೂ ಆರು ವರ್ಷಗಳ ಬಯಲಿದೆ. ಅದನ್ನು ಕಿರಿದು ಮಾಡುವ ಉಪಾಯಗಳಲ್ಲಿ ಮೊದಲನೆಯದು ಬಿಡಿಭಾಗಗಳ ಮೇಲಿನ ದಿನಾಂಕ. ಲ್ಯೂಕಸ್ ಕಂಪನಿಯು ತಾನು ತಯಾರಿಸಿದ ಮ್ಯಾಗ್ನೆಟೊ, ಡೈನಮೊಗಳ ಮೈಮೇಲೆ ತಿಂಗಳನ್ನೂ ವರ್ಷವನ್ನೂ ಪುಟ್ಟ ಅಂಕೆಗಳಲ್ಲಿ ಒತ್ತುತ್ತಿತ್ತು. ಈ ಗಾಡಿಯ ಡೈನಮೊವಿನ ಮೇಲೆ ವರ್ಷದ ಅಂಕೆ 43 ಎಂದು ಸ್ಪಷ್ಟವಾಗಿತ್ತು. ಇಷ್ಟರಿಂದಲೇ ಗಾಡಿಯು 1943ರದೆಂದು ಘೋಷಿಸುವುದು ಆತುರದ ಕೆಲಸ. ಸೈನ್ಯದ ವರ್ಕ್‌ಶಾಪುಗಳಲ್ಲಿ ಗಾಡಿಗಳನ್ನು ಪೂರ್ತಿ ಬಿಚ್ಚಿ, ಕೈಗೆ ಸಿಕ್ಕ ಒಳ್ಳೆಯ ಭಾಗವನ್ನು ಕೂಡಿಸಿ ಮತ್ತೆ ಕಟ್ಟುವುದು ನಿತ್ಯದ ವ್ಯವಹಾರವಾಗಿತ್ತು. ಒಂದು ಡೈನಮೊ ಬಿಚ್ಚಿ ಬೇರೊಂದನ್ನು ಕೂಡಿಸಲು ಜಾಣ ಮಿಸ್ತ್ರಿಗೆ ಎಷ್ಟು ಹೊತ್ತು ಬೇಕು? ಒಂದು ಭಾಗದ ದಿನಾಂಕಕ್ಕೆ ಬೆಲೆ ಕಡಿಮೆ. ಪರಸ್ಪರ ಸಂಬಂಧವಿಲ್ಲದ ಮೂರು ನಾಲ್ಕು ಭಾಗಗಳು ಒಂದೇ ಕಾಲವನ್ನು ಹೇಳಿದರೆ ಅದಕ್ಕೆ ಬೆಲೆ.

ಎರಡನೆಯ ಸಾಕ್ಷಿ ನನಗೆ ಅತ್ಯಂತ ಪ್ರಿಯವಾದುದು. 1942ರ ಆರಂಭದಲ್ಲಿ ಜಪಾನೀಯರು ಮಲಯ ದೇಶವನ್ನು ಗೆದ್ದುಕೊಂಡ ಪರಿಣಾಮವಾಗಿ ಬ್ರಿಟನ್ನಿಗೆ ರಬ್ಬರಿನ ಬರ ಬಂದಿತು. ಟಯರು ಟ್ಯೂಬುಗಳಿಗೆ ಬೇಕಾದ ರಬ್ಬರನ್ನು ಉಳಿಸುವುದಕ್ಕಾಗಿ, ಇಲ್ಲದಿದ್ದರೂ ನಡೆಯುವ ಕಡೆಗಳಲ್ಲೆಲ್ಲ ಅದನ್ನು ಕಡಿತಗೊಳಿಸಿದರು. ಹ್ಯಾಂಡಲಿನ ಹಿಡಿಗಳಿಗೆ ರಬ್ಬರಿಗೆ ಬದಲಾಗಿ ಕ್ಯಾನ್ವಾಸ್ ಬಟ್ಟೆ ಬಂದಿತು. ಕಾಲಿಡುವ ಪಾವಟಿಗೆಗಳು ಬರಿಯ ಲೋಹದವಾದವು. ಕಲ್ಲೋಳಿಯ ಗಾಡಿಯ ಹಿಡಿಗಳು ಎಂದೋ ಹೋಗಿ, ಅಲ್ಲಿ ಯಾವುದೋ ಸ್ಕೂಟರಿನ ಹಸಿರು ಹಿಡಿಗಳು ಕುಳಿತಿದ್ದವು. ಆದರೆ ಪಾವಟಿಗೆಗಳು ಹಳೆಯವು, ಗೀರುಗೀರಾದ ಉಕ್ಕಿನವು, ರಬ್ಬರನ್ನು ಸಿಕ್ಕಿಸುವ ಏರ್ಪಾಡೇ ಅವುಗಳಲ್ಲಿ ಇಲ್ಲ. ಮೂರು ತಲೆಮಾರಿನವರು ಕಾಲೂರಿ ನುಣುಪಾದ ಆ ಎರಡು ಉಕ್ಕಿನ ತುಂಡುಗಳ ಹಿಂದೆ ಸಿಂಗಾಪುರದ ಪತನವಿದೆಯೆಂದರೆ ಆ ಮನೆಯವರಿಗೆ ಮೊದಲು ನಂಬಿಕೆಯಾಗಲಿಲ್ಲ.

ಮೂರನೆಯದು ಬಣ್ಣ. ಟಾಕಿಯ ಮೇಲಿದ್ದ ಕೆಂಪು ಬಣ್ಣವು ಬಹುಶಃ ಯಾವುದೋ ಮದುವೆಯ ಕಾಲಕ್ಕೆ ಬಳಿದುದು. ಟಾಕಿಯ ಕೆಳಭಾಗದಲ್ಲಿ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ, ನೀರು ಹಚ್ಚಿ ಸಣ್ಣ ಪಾಲಿಶ್ ಕಾಗದದಿಂದ ಉಗುರಿನಷ್ಟಗಲ ತಿಕ್ಕಿದಾಗ, ಕೆಂಪಿನ ಕೆಳಗೆ ಕಪ್ಪೂ, ಕಪ್ಪಿನ ಕೆಳಗೆ ಮಣ್ಣುಮಿಶ್ರಿತ ಹಸಿರೂ ಪದರಪದರವಾಗಿ ಕಂಡವು. ಬ್ರಿಟಿಷ್ ಸೈನ್ಯದ ಮೋಟಾರು ಸೈಕಲ್ಲುಗಳ ಟಾಕಿಯ ಪಕ್ಕಗಳಲ್ಲಿ ‘ಸಿ’ ಅಕ್ಷರದಿಂದ ಮೊದಲಾಗುವ ಉದ್ದನೆಯ ಸಂಖ್ಯೆಯನ್ನು ಬರೆಯುತ್ತಿದ್ದರು. ಅದು ಸಿಕ್ಕಿತೆಂದರೆ ಯಾವ ಸರಕಾರಿ ಗುತ್ತಿಗೆಯಲ್ಲಿ ಗಾಡಿಯನ್ನು ಕೊಂಡುದೆಂಬುದಕ್ಕೆ ದಾರಿ ಸಿಕ್ಕಂತೆಯೇ. ಪೇಂಟರನ ಅಂಗಡಿಗೆ ಒಯ್ದು ಎಲ್ಲವನ್ನೂ ಒಮ್ಮೆಗೇ ಕೆರೆಯಿಸಿ ಹೊಳಪು ಕೊಡಿಸುವ ಉತ್ಸಾಹಿಗಳು ಅಳಿಸಿಹಾಕುವುದು ಇಂತಹ ಬರವಣಿಗೆಯನ್ನೇ.

ಹೀಗೆ ಎಲ್ಲವನ್ನೂ ಕೂಡಿಸಿ ನಾನು ಕೊಟ್ಟ ತೀರ್ಪು ಇಷ್ಟು: ಯುದ್ಧಕಾಲದ ಉತ್ತರಾರ್ಧದ ಗಾಡಿ, 1942ಕ್ಕಿಂತ ಹಿಂದಿನದಲ್ಲ, ಇನ್ನೂ ನಿಷ್ಕೃಷ್ಟವಾಗಿ ಹೇಳಬೇಕಾದರೆ ಚೌಕಟ್ಟಿನ ಸಂಖ್ಯೆಯನ್ನು ಕಾರ್ಖಾನೆಯ ಪುಸ್ತಕದೊಡನೆ ತಾಳೆ ನೋಡಬೇಕು. ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆತು ಬಿಡ್ರಿ, ಮೂವತ್ತೊಂಬತ್ತು ಹೋದರ ಹೋಗಲಿ, ಲಡಾಯಿ ಅಂತೂ ನೋಡೇತಲ್ಲರಿ,” ಎಂದು ಸಮಾಧಾನ ತಂದುಕೊಂಡರು.

ಬೇರೆ ಕಂಪನಿಗಳ ವಿಷಯವನ್ನು ಸಂಕ್ಷೇಪವಾಗಿ ಹೇಳಿ ಮುಗಿಸುವೆನು. ಯುದ್ಧಾನಂತರದ ಟ್ರಯಂಫ್ ಸ್ಪೀಡ್ ಟ್ವಿನ್ನಿನಲ್ಲಿ ಇಂಜಿನ್ ಸಂಖ್ಯೆಯ ಮುಂದೆ 46, 47 ಎಂದು ಇಸವಿಯನ್ನೇ ಒತ್ತಿರುವುದರಿಂದ ಪಂಡಿತರ ಆವಶ್ಯಕತೆಯಿಲ್ಲ. ಮ್ಯಾಚ್‍ಲೆಸ್ ಜಿ.3ಎಲ್. ಗಾಡಿಯಲ್ಲಿಯೂ ಅದೇ ಸೌಕರ್ಯವಿದೆ; ಯುದ್ಧದ ನಡುವೆಯೇ ಟೆಲಿಸ್ಕೋಪಿಕ್ ಫೋರ್ಕನ್ನು ಪಡೆದ ಕೀರ್ತಿಯೂ ಅದಕ್ಕೆ ಸಲ್ಲುವುದು. ಸಂಖ್ಯೆಯೇ ಅಳಿಸಿಹೋದ ಗಾಡಿಯಲ್ಲಿ ಆಕಾರವನ್ನು ನೋಡಬೇಕು. ಚೌಕಟ್ಟಿನ ಎರಡು ಕೊಳವೆಗಳ ನಡುವೆ ಚಪ್ಪಟೆಯಾದ ಟಾಕಿಯಿದ್ದರೆ ಸಾಮಾನ್ಯವಾಗಿ 1920ರ ದಶಕ. ಕೊಳವೆಯ ಮೇಲೆ ಜೀನಿನಂತೆ ಕುಳಿತ ಟಾಕಿಯಿದ್ದರೆ ಆ ದಶಕದ ಅಂತ್ಯದಿಂದ ಈಚೆಗೆ. ಗರ್ಡರ್ ಫೋರ್ಕು ಸಾಮಾನ್ಯವಾಗಿ ಯುದ್ಧದವರೆಗೆ, ಟೆಲಿಸ್ಕೋಪಿಕ್ ಆಮೇಲೆ. ಏಮಲ್ ಕಂಪನಿಯ ಮೊನೊಬ್ಲಾಕ್ ಕಾರ್ಬೋರೇಟರು ಕಾಣಿಸಿಕೊಂಡದ್ದು 1950ರ ದಶಕದ ನಡುವೆ. ಅದನ್ನು ಕೂಡಿಸಿಕೊಂಡು ಬಂದ ‘1938ರ ಮಾಡೆಲ್’ ನಿಮ್ಮೆದುರಿಗೆ ನಿಂತರೆ, ಕಾರ್ಬೋರೇಟರಾದರೂ ಆಮೇಲಿನದೆಂದು ತಿಳಿಯಿರಿ.

ಬುಲೆಟ್ಟಿನ ಮಾತು ಬಾರದೆ ನಮ್ಮ ನಾಡಿನಲ್ಲಿ ಈ ಚರ್ಚೆ ಮುಗಿಯದು. 70 ಮಿಲಿಮೀಟರ್ ಅಗಲ, 90 ಮಿಲಿಮೀಟರ್ ಓಟದ ಆ 346 ಸಿ.ಸಿ. ಗಾಡಿಯು ಇಂಗ್ಲೆಂಡಿನ ರೆಡಿಚ್ ಊರಿನಲ್ಲಿ ಹುಟ್ಟಿ, 1955ರಲ್ಲಿ ಮದರಾಸಿಗೆ ಬಂದಿತು. ಮೊದಮೊದಲು ರೆಡಿಚ್‍ನಿಂದ ಬಂದ ಭಾಗಗಳನ್ನೇ ಮದರಾಸಿನಲ್ಲಿ ಕೂಡಿಸುತ್ತಿದ್ದುದರಿಂದ, ಯಾವುದೋ ಒಂದು ಭಾಗದ ಮೇಲೆ ಇಂಗ್ಲೆಂಡಿನ ಹೆಸರಿದ್ದ ಮಾತ್ರಕ್ಕೆ ಗಾಡಿಯು ಇಂಗ್ಲೆಂಡಿನದಾಗದು. ಹೆಡ್‍ಲೈಟಿನ ಬುರುಡೆಯೂ ಫೋರ್ಕಿನ ತಲೆಯೂ ಒಂದೇ ಅಚ್ಚಿನಲ್ಲಿ ಕೂಡಿ, ಎಡಬಲಗಳಲ್ಲಿ ಎರಡು ಪುಟ್ಟ ದೀಪಗಳಿರುವ ರೂಪವು ಬಂದುದು 1954ರ ಮಾದರಿಯಿಂದ. ಅದಿದ್ದೂ 1950ರ ಬುಲೆಟ್ಟೆಂದು ಹೇಳಿದರೆ ಬೆಲೆಯ ಮಾತನ್ನು ಅಲ್ಲಿಗೇ ನಿಲ್ಲಿಸಬಹುದು.

ಕೊನೆಗೆ ದಾಖಲೆಗಳಿರುವ ಸ್ಥಳ. 1946ರಲ್ಲಿ ಸ್ಥಾಪಿತವಾದ, ಮೇಲೆ ಹೇಳಿದ ಇಂಗ್ಲೆಂಡಿನ ಕ್ಲಬ್ಬಿನ ಗ್ರಂಥಾಲಯದಲ್ಲಿ ಹಲವು ಕಾರ್ಖಾನೆಗಳ ರವಾನೆ ಪುಸ್ತಕಗಳು ಸುರಕ್ಷಿತವಾಗಿವೆ. ಸಂಖ್ಯೆಗಳ ಛಾಯಾಚಿತ್ರವನ್ನೋ ಪಡಿಯಚ್ಚನ್ನೋ ಕಳಿಸಿ, ನಿಗದಿಯಾದ ಹಣವನ್ನು ತೆತ್ತರೆ, ಇಸವಿಯನ್ನು ದೃಢೀಕರಿಸುವ ಪತ್ರವನ್ನು ಅವರು ಕೊಡುವರು.

ನಿಮ್ಮ ಮನೆಯಲ್ಲಿಯೋ ನೆರೆಮನೆಯಲ್ಲಿಯೋ ಇಂತಹ ಗಾಡಿಯಿದ್ದರೆ, ಅದನ್ನು ಗುಜರಿಯವನಿಗೆ ಕೊಡುವುದಕ್ಕೆ ಮುಂಚೆ, ಪೇಂಟರನಿಗೆ ಒಪ್ಪಿಸುವುದಕ್ಕೂ ಮುಂಚೆ, ಎರಡು ಸಂಖ್ಯೆಗಳ ಪಡಿಯಚ್ಚನ್ನು ತೆಗೆದು ಆರ್.ಸಿ. ಬುಕ್ಕಿನೊಳಗೆ ಇಡಿ. ಅಕ್ಷರವು ಸವೆದಿದೆಯೆಂದು ಯಾವ ಕಾರಣಕ್ಕೂ ಗ್ರೈಂಡರ್ ಹಿಡಿಸಿ ಹೊಸದಾಗಿ ಪಂಚ್ ಮಾಡಿಸಬೇಡಿ. ಸವೆದುದನ್ನು ಓದುವವರು ಎಂದಾದರೂ ಸಿಗುವರು, ತಿದ್ದಿದುದನ್ನು ನಂಬುವ ಅಧಿಕಾರಿಯೂ ಸಿಗಲಾರನು, ಕೊಳ್ಳುವವನೂ ಸಿಗಲಾರನು.